ನೋಡೋಕೆ ಅಂಥಾದ್ದೇನಿಲ್ಲ

"ನೋಡೋಕೆ ಅಂಥಾದ್ದೇನಿಲ್ಲ... ಹೊರಗಡೆ ಪೇಂಟ್ ಚೆನ್ನಾಗಿ ಹೊಡ್ದಿದಾರೆ, ಅಷ್ಟೇ. ಅರ್ಧ ಗಂಟೆ ಸಾಕು. ಮುಗಿಸ್ಕೊಂಡು ಹೊರಟುಬಿಡೋದು."

ಕಾಫಿ ಲೋಟ ಹಿಡಿದು ನಡುಮನೆ ದಾಟಿ ಬಂದ ರುದ್ರಾಣಿ ಬಾಗಿಲಲ್ಲೇ ನಿಂತುಬಿಟ್ಟಳು.

ಜಗಲಿಯ ತುದಿಯಲ್ಲಿ ಬೆನ್ನು ಮಾಡಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದವನು ಅಮೃತೇಶ್. ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ತಾಯಿ ಮತ್ತು ಸೋದರಮಾವನ ಜೊತೆ ಇವತ್ತು ನಂಜನಗೂಡಿಗೆ ಬಂದಿದ್ದು ಅವಳನ್ನು ನೋಡಲು. ಈಗಷ್ಟೇ ಅವಳು ಉಪ್ಪಿಟ್ಟು ಕೊಟ್ಟು, ಎದುರಿಗೆ ಕೂತು, ಎದ್ದು ಒಳಗೆ ಹೋಗಿದ್ದಳು. ಚಿಕ್ಕಪ್ಪನ ಮಗಳು ರಮ್ಯ ಬಲವಂತವಾಗಿ ಬಳಿದಿದ್ದ ಬಣ್ಣ ಕೆನ್ನೆಯ ಮೇಲೆ ಇನ್ನೂ ಹಾಗೇ ಇತ್ತು.

'ಪೇಂಟಾ...? ಅರ್ಧ ಗಂಟೆಯಾ...?'

ಅವಳ ಕಿವಿ ಬಿಸಿಯಾಯಿತು. ಇದಕ್ಕೆ ಮುಂಚೆ ಬಂದಿದ್ದ ಗಂಡುಗಳೂ ಹೀಗೆಯೇ. ಒಬ್ಬನಿಗೆ ಅವಳ ಬಣ್ಣ ಕಮ್ಮಿ, ಇನ್ನೊಬ್ಬನಿಗೆ ಹಲ್ಲು ಮುಂದೆ. ಅವರೆಲ್ಲ ಮನೆಗೆ ಹೋಗಿ ಬ್ರೋಕರ್ ಕೈಲಿ ಹೇಳಿ ಕಳಿಸುವಷ್ಟು ಮರ್ಯಾದೆಯನ್ನಾದರೂ ಇಟ್ಟುಕೊಂಡಿದ್ದರು. ಇವನು ಮನೆಯ ಜಗಲಿಯಲ್ಲೇ ನಿಂತು ಹೇಳುತ್ತಿದ್ದಾನೆ.

ಫೋನು ಜೇಬಿಗೆ ಹಾಕಿಕೊಂಡು ಅವನು ತಿರುಗಿದ. ಅವಳನ್ನು ಕಂಡು ನಕ್ಕ.

"ಓ, ಕಾಫೀನಾ... ಕೊಡಿ."

"ಬೇಗ ಕುಡೀರಿ. ಅರ್ಧ ಗಂಟೆ ಆಗ್ತಾ ಬಂತು."

ಲೋಟವನ್ನು ಜಗಲಿಯ ಮೇಲೆ ಟಪ್ಪನೆ ಇಟ್ಟು ಅವಳು ಒಳಗೆ ನಡೆದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಲೋಟದಿಂದ ಚೆಲ್ಲಿದ ಕಾಫಿಯನ್ನು ನೋಡುತ್ತಾ ನಿಂತ.

ಗಂಡಿನವರು ಬಸ್ ಹತ್ತಿದ ಮೇಲೆ ಅಪ್ಪ ಚಿಕ್ಕಬಸಪ್ಪ ಮೆಲ್ಲಗೆ ಕೇಳಿದರು. "ಏನವ್ವ, ಉಡುಗ ಎಂಗೆ?"

"ಗೊಬ್ಬರದಂಗಡಿ ಥರಾನೇ ಇದಾನೆ. ಬೇಡ."

ಅಪ್ಪನ ಮುಖ ಚಿಕ್ಕದಾಯಿತು. ಅಜ್ಜಿ ಚನ್ನಾಜಮ್ಮ ಮಾತ್ರ ಅಲ್ಲಾಡಲಿಲ್ಲ. ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡರು. ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿ ಬೆಳೆಸಿದ ಮುದುಕಿ ಅವರು. ಅವಳ ಕೋಪದ ಕೆಳಗೆ ಏನಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

"ನೋಡು ಕೂಸೆ, ಒಂದ್ ಗಳ್ಗೆ ನೋಡ್ಬುಟ್ಟು ಬ್ಯಾಡ ಅನ್ಬ್ಯಾಡ. ನಾನೂ ಬೆಂಗ್ಳೂರು ನೋಡಿಲ್ಲ, ನೆಲದೊಳ್ಗೆ ರೈಲು ಓಯ್ತದಂತೆ, ಅದ್ನೂ ನೋಡಿಲ್ಲ. ಒಂದ್ ದಿವ್ಸ ಎರಡ್ ಮನೆಯವ್ರೂ ಓಗ್ಬರವ. ವಾಪಸ್ ಬಂದು ನಂಜನಗೂಡಲ್ಲಿ ರೈಲಿಳಿಯೋ ಒತ್ಗೆ ನೀನು ಊ ಅಂದ್ರೆ ಊ, ಊಹೂ ಅಂದ್ರೆ ಊಹೂ. ನಿಮ್ಮಪ್ಪ ಕಮಕ್ ಕಿಮಕ್ ಅನ್ನಕಿಲ್ಲ."

ರುದ್ರಾಣಿ ಒಪ್ಪಿದಳು. ಒಂದು ದಿನ ಸಿಕ್ಕರೆ ಸಾಕಿತ್ತು ಅವಳಿಗೆ. ಆ ಅರ್ಧ ಗಂಟೆಯ ಮನುಷ್ಯನಿಗೆ ಊಹೂಂ ಎಂದು ಮುಖಕ್ಕೇ ಹೇಳಿ, ಅವನ ಮುಖ ಹೇಗಾಗುತ್ತದೆ ನೋಡಬೇಕಿತ್ತು.

ಮಾರನೆಯ ದಿನವೇ 'ಬೆಂಗಳೂರು ಪ್ರವಾಸ' ಎಂಬ ವಾಟ್ಸಾಪ್ ಗ್ರೂಪು ಹುಟ್ಟಿತು. ಹುಟ್ಟಿಸಿದವರು ಅಮೃತೇಶನ ಸೋದರಮಾವ ನಂಜುಂಡೇಶ್. ಬೆಳಗಾದರೆ ಹೂವಿನ ಚಿತ್ರ, ರಾತ್ರಿಯಾದರೆ ದೀಪದ ಚಿತ್ರ ಹಾಕುವುದು ಬಿಟ್ಟರೆ ಈ ಮಹಾನುಭಾವರು ಪ್ರವಾಸಕ್ಕೆ ಮಾಡಿದ ಕೆಲಸ ಒಂದೇ. ದಿನ ಗೊತ್ತು ಮಾಡಿದ್ದು.

"ಸೋಮವಾರವೇ ಹೊರಡೋಣ. ಶಿವನ ವಾರ. ಕೆಲಸ ಕೈಗೂಡುತ್ತದೆ."

ಸಾಲು ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ರುದ್ರಾಣಿಯೂ ಒಂದು ಒತ್ತಿದಳು. ತಾಂಡ್ಯದ ಫ್ಯಾಕ್ಟರಿಯ ಲ್ಯಾಬಿನಲ್ಲಿ ದಿನವಿಡೀ ಬಾಟಲಿಗಳಲ್ಲಿ ತಪ್ಪು ಹುಡುಕುವ ಹುಡುಗಿ, ರಾಹುಕಾಲ ಗುಳಿಕಕಾಲ ಎಂದರೆ ಮೂಗು ಮುರಿಯುವವಳು, ಸೋಮವಾರಕ್ಕೆ ಮಾತ್ರ ಎರಡನೆಯ ಯೋಚನೆ ಮಾಡಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದವರ ಹಣೆಬರಹವೇ ಅದು. ಸೋಮವಾರ ಎಂದರೆ ಬೆಳಕಾಗುವ ಮುಂಚೆ ಊರಿನ ಎಲ್ಲ ಬಾಗಿಲೂ ತೆರೆದಿರುವ ದಿನ.

ಜಗಳ ಶುರುವಾಗಿದ್ದು ಪಾಸಿನ ಮೇಲೆ.

"ಬಸ್ಸಿನ ಡೇ ಪಾಸ್ ಸಾಕು. ಎಲ್ಲಿ ಬೇಕಾದ್ರೂ ಹತ್ತಬಹುದು, ಇಳೀಬಹುದು," ಎಂದು ಅಮೃತೇಶ್ ಬರೆದ.

"ನಮ್ಮಜ್ಜಿ ಬಸ್ಸಿನ ಕಂಬಿ ಹಿಡ್ಕೊಂಡು ಜೋತಾಡೋಕೆ ಬರ್ತಿಲ್ಲ. ಮೆಟ್ರೋ ಪಾಸ್," ಎಂದು ರುದ್ರಾಣಿ ಬರೆದಳು.

"ಮೆಟ್ರೋದಲ್ಲಿ ಸ್ವಲ್ಪ ತೊಂದರೆ ಇದೆ."

"ಏನು ತೊಂದರೆ? ಎ.ಸಿ. ಗಾಳಿ ನಿಮಗೆ ಆಗಿಬರಲ್ವಾ?"

ಕೊನೆಗೆ, "ನಿಮ್ಮಿಷ್ಟ," ಎಂದು ಬಂತು.

'ಜಿಪುಣ. ಬಸ್ ಪಾಸಿನಲ್ಲಿ ಹೆಂಡತಿಯನ್ನು ಊರು ಸುತ್ತಿಸುವ ಗಿರಾಕಿ,' ಎಂದುಕೊಂಡಳು ಅವಳು.

ಮ್ಯೂಸಿಯಮ್ಮಿನ ವಿಷಯದಲ್ಲೂ ಅದೇ ಕಥೆ. ಒಂದೇ ಪಾಸಿನಲ್ಲಿ ಮೂರು ಮ್ಯೂಸಿಯಂ ನೋಡಬಹುದಾದ ಒಂದು ಆ್ಯಪ್ ಅವಳಿಗೆ ಸಿಕ್ಕಿತ್ತು. ಅದರಲ್ಲಿ ಹಳೇ ಗಡಿಯಾರ, ಗ್ರಾಮಫೋನುಗಳ ಮ್ಯೂಸಿಯಂ ಕಂಡ ತಕ್ಷಣ ಅಮೃತೇಶ್, "ಅದೊಂದು ಬೇಡ ಅನ್ಸುತ್ತೆ," ಎಂದ. ಅವಳು ಯಾಕೆ ಎಂದು ಕೇಳಲಿಲ್ಲ. ಅವನು ಬೇಡ ಎಂದದ್ದಕ್ಕೇ ಅದನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟಳು. ಪಾಸು ಖರೀದಿಸಿ, ಅದರ ಚಿತ್ರವನ್ನು ಗ್ರೂಪಿಗೆ ಹಾಕಿ, "ಅರ್ಧ ಗಂಟೆ ಸಾಲಲ್ಲ. ನಿಧಾನವಾಗಿ ನೋಡೋರು ಮಾತ್ರ ಬನ್ನಿ," ಎಂದು ಬರೆದಳು.

ಅರ್ಧ ಗಂಟೆಯ ಮಾತು ಅವಳ ಬಾಯಲ್ಲಿ ಮತ್ತೆ ಮತ್ತೆ ಬರುವುದೇಕೆ ಎಂದು ಅವನು ಯೋಚಿಸಿದ. ತಿಳಿಯಲಿಲ್ಲ. ಇಷ್ಟು ಮಾತ್ರ ತಿಳಿಯಿತು... ಈ ಹುಡುಗಿಗೆ ತಾನೆಂದರೆ ಆಗುವುದಿಲ್ಲ.

ಆ ಸೋಮವಾರ ಬೆಂಗಳೂರಿನಲ್ಲಿ ರೈಲಿಳಿದು ಮೆಟ್ರೋ ನಿಲ್ದಾಣಕ್ಕೆ ಬಂದರು. ನಂಜುಂಡೇಶ್ ಮಾವ ತಮ್ಮ ಪಾಸಿನ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಗೇಟು ತೆರೆಯಲಿಲ್ಲ.

"ಅದನ್ನ ಮೆಷಿನ್ ಮೇಲೆ ಇಡಬೇಕು ಮಾವ. ಪ್ರಸಾದ ಅಲ್ಲ ಅದು," ಎಂದಳು ರುದ್ರಾಣಿ.

ಮಾವ ಗೊಣಗುತ್ತಾ ದಾಟಿದರು. ಅಜ್ಜಿ ಬಾಯಿ ಬಿಟ್ಟುಕೊಂಡು ಸುತ್ತ ನೋಡಿದರು. "ಇದೇನವ್ವ, ಭೂಮ್ತಾಯಿ ಒಟ್ಟೆ ಒಳ್ಗೆ ಇಷ್ಟ್ ದೊಡ್ಡ ಮನೆ ಕಟ್ಬುಟ್ಟವ್ರೆ!"

ಎಸ್ಕಲೇಟರ್ ಹತ್ತಿರ ಬಂದಾಗ ಅಜ್ಜಿಯ ಕೈ ಹಿಡಿದುಕೊಂಡು ರುದ್ರಾಣಿ ಕಾಲಿಟ್ಟಳು. ತಿರುಗಿ ನೋಡಿದರೆ ಅಮೃತೇಶ್ ಬರುತ್ತಿಲ್ಲ. ಅವನು ತಾಯಿಯ ಹೆಗಲು ಹಿಡಿದುಕೊಂಡು ಪಕ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿದ್ದ.

"ನಿಂತ್ಕೊಂಡು ಇಳಿಯೋಕೂ ಇವರಿಗೆ ಸಂಕಟ," ಎಂದಳು ರುದ್ರಾಣಿ.

"ಬಾಯ್ ಮುಚ್ಚು," ಎಂದರು ಅಜ್ಜಿ. ಅವರು ಮೊಮ್ಮಗಳಿಗೆ ಹಾಗೆ ಹೇಳುವುದು ಅಪರೂಪ. "ಆವಮ್ಮ ಓಡೋ ಮೆಟ್ಲು ಮ್ಯಾಲೆ ಬಿದ್ದು ಸೊಂಟ ಮುರ್ಕಂಡಿದ್ಲಂತೆ. ರೈಲಲ್ಲಿ ಅವ್ಳೇ ಯೋಳುದ್ಲು. ನಾಕ್ ಜನ್ರ ಮುಂದೆ ಯೋಳ್ಬ್ಯಾಡ ಅಂತ ಮಗನ ತಾವ ಆಣೆ ಆಕುಸ್ಕಂಡಿದ್ಲಂತೆ. ಅದ್ಕೇ ಕಣೆ ಆ ಉಡುಗ ಬಸ್ಸು ಬಸ್ಸು ಅಂದದ್ದು."

'ಎ.ಸಿ. ಗಾಳಿ ಆಗಿಬರಲ್ವಾ' ಎಂದು ತಾನು ಬರೆದದ್ದು ನೆನಪಾಗಿ ರುದ್ರಾಣಿಯ ಮೈ ಹಿಡಿಯಾಯಿತು. ಆದರೂ ಒಳಗಿನ ಬಿಂಕ ಬಗ್ಗಲಿಲ್ಲ. 'ತಾಯಿಯ ಮೇಲೆ ಪ್ರೀತಿ ಇದ್ದರೆ ಇರಲಿ. ನನ್ನ ಬಗ್ಗೆ ಆಡಿದ ಮಾತು ಆಡಿದ್ದೇ ತಾನೆ?'

ರೈಲಿನೊಳಗೆ ಅವನು ಜನರನ್ನು ಸರಿಸಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ.

"ರುದ್ರಾಣಿ, ಒಂದ್ ಮಾತು. ನಾನಂದ್ರೆ ನಿಮಗೆ ಆಗಲ್ಲ ಅಂತ ಗೊತ್ತಾಗಿದೆ. ಯಾಕೆ ಅಂತ ಕೇಳಲ್ಲ. ವಾಪಸ್ ಹೋಗ್ತಾ ನಾನೇ ಬೇಡ ಅಂತ ಹೇಳ್ಬಿಡ್ತೀನಿ. ನಿಮ್ಮಪ್ಪನ ಮುಂದೆ ನೀವು ಕೆಟ್ಟೋರಾಗೋದು ಬೇಡ."

"ದೊಡ್ಡ ಉಪಕಾರ."

"ಉಪಕಾರ ಅಲ್ಲ. ನಮ್ಮಮ್ಮಂಗೆ ನೀವು ತುಂಬಾ ಇಷ್ಟ ಆಗಿದೀರ. ನೀವು ಬೇಡ ಅಂದ್ರು ಅಂತ ಗೊತ್ತಾದ್ರೆ ತಡ್ಕೊಳಲ್ಲ. ನನ್ನನ್ನಾದ್ರೆ ಬೈದು ಸಮಾಧಾನ ಆಗ್ತಾರೆ."

ಅವನು ದೂರ ಸರಿದು ನಿಂತ. ಗೆದ್ದಂತಾಗಬೇಕಿತ್ತು ಅವಳಿಗೆ. ಆಗಲಿಲ್ಲ. ಕಿಟಕಿಯ ಆಚೆ ಬರೀ ಕತ್ತಲು ಓಡುತ್ತಿತ್ತು, ಗಾಜಿನಲ್ಲಿ ಅವಳ ಮುಖವೇ ಅವಳನ್ನು ನೋಡುತ್ತಿತ್ತು. ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು.

ಮ್ಯೂಸಿಯಮ್ಮಿನ ಗೇಟಿಗೆ ದೊಡ್ಡ ಬೀಗ ಬಿದ್ದಿತ್ತು.

"ಇವತ್ತು ರಜಾ ಸಾರ್," ಎಂದ ಒಳಗಿದ್ದ ವಾಚ್‌ಮನ್. "ಸೋಮವಾರ ಅಲ್ವಾ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಸೋಮಾರ ಆದ್ರೆ?" ಎಂದರು ನಂಜುಂಡೇಶ್ ಮಾವ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಶಿವನ ವಾರ ಕಣಯ್ಯ. ಸೋಮಾರ ಯಾರಾರ ಬಾಗ್ಲಾಕ್ತಾರಾ?"

"ಹಾಕ್ತಾರೆ ಸಾರ್. ನಿಮ್ಮ ಪಾಸಲ್ಲಿರೋ ಮೂರಕ್ಕೂ ಸೋಮವಾರನೇ ರಜಾ. ನೋಡಿ, ಕೆಳಗೆ ಬರೆದಿದೆಯಲ್ಲ."

ರುದ್ರಾಣಿ ಫೋನು ನೋಡಿದಳು. ಬರೆದಿತ್ತು. ಸಣ್ಣಕ್ಷರದಲ್ಲಿ, ಆದರೆ ಅಚ್ಚುಕಟ್ಟಾಗಿ. ಬಾಟಲಿಯ ಲೇಬಲ್ಲಿನ ಚುಕ್ಕಿ ತಪ್ಪಿದರೂ ಹಿಡಿದು ವಾಪಸ್ ಕಳಿಸುವ ಹುಡುಗಿಗೆ ಇದು ಕಂಡಿರಲಿಲ್ಲ.

ಎರಡು ಮನೆಯವರ ಕಣ್ಣುಗಳೂ ಅವಳ ಮೇಲೆ ಬಿದ್ದವು. ದಿನ ಗೊತ್ತು ಮಾಡಿದ್ದ ಮಾವ ಆಗಲೇ ಬೇರೆ ಕಡೆ ನೋಡುತ್ತಾ, "ಈಗಿನ್ ಕಾಲ್ದ್ ಉಡುಗ್ರು, ಎಲ್ಲಾ ಮೊಬೈಲಲ್ಲೇ ಮಾಡ್ತವೆ," ಎಂದು ಗಾಳಿಗೆ ಹೇಳುತ್ತಿದ್ದರು. ಇಂಥವರಿಗೆ ಬೆನ್ನುಮೂಳೆ ಬೇಕಾದ ಹೊತ್ತಿಗೇ ಇರುವುದಿಲ್ಲ.

ಅಮೃತೇಶ್ ಈಗ ಏನಾದರೂ ಅನ್ನುತ್ತಾನೆ ಎಂದು ರುದ್ರಾಣಿ ಕಾದಳು. ಇಷ್ಟು ದಿನ ತಾನು ಚುಚ್ಚಿದ್ದಕ್ಕೆಲ್ಲ ಸೇರಿಸಿ ಒಂದು ಮಾತು. ಬರಲಿ. ಬಂದರೆ ನಿರಾಳವಾಗುತ್ತಿತ್ತು.

"ಮಾವ, ದಿನ ಇಟ್ಟೋರು ನೀವು, ಕೈ ಮುಗ್ದೋರು ನಾವೆಲ್ಲ," ಎಂದ ಅವನು. "ಒಬ್ರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ."

ಅಷ್ಟೇ ಹೇಳಿ, ಗೇಟಿನ ಪಕ್ಕದ ಕಟ್ಟೆಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ ಚನ್ನಾಜಮ್ಮನ ಪಕ್ಕದಲ್ಲಿ ಕೂತ.

"ಬೇಜಾರ್ ಮಾಡ್ಕೋಬೇಡಿ ಅಜ್ಜಿ. ನಾನಿದನ್ನ ಮುಂಚೆ ನೋಡಿದೀನಿ. ನೋಡೋಕೆ ಅಂಥಾದ್ದೇನಿಲ್ಲ. ಹೊರಗಡೆ ಪೇಂಟ್ ಚೆನ್ನಾಗಿ ಹೊಡ್ದಿದಾರೆ, ಅಷ್ಟೇ. ಅರ್ಧ ಗಂಟೆ ಸಾಕು."

ರುದ್ರಾಣಿಯ ಕೈಯಲ್ಲಿದ್ದ ಫೋನು ಜಾರಿತು. ಹೇಗೋ ಹಿಡಿದುಕೊಂಡಳು.

"ಅವತ್ತು ನಿಮ್ಮನೇಗೆ ಬಂದಿದ್ನಲ್ಲ," ಅವನು ಅಜ್ಜಿಗೆ ಹೇಳುತ್ತಲೇ ಇದ್ದ, "ಆಗ್ಲೇ ಸೋಸಲೆಯ ಪುಟ್ಟರಾಜು ಅಂತ ನನ್ ಫ್ರೆಂಡು, ಹೆಂಡ್ತಿ ಮಕ್ಕಳ ಜೊತೆ ಇದೇ ಗೇಟಲ್ಲಿ ನಿಂತ್ಕೊಂಡು ಫೋನ್ ಮಾಡಿದ್ದ. ಪಾಸ್ ತಗೊಳ್ಲಾ ಬೇಡ್ವಾ ಅಂತ. ಅವನಿಗೂ ಇದನ್ನೇ ಹೇಳಿದ್ದೆ."

"ಅಂಗಾರೆ ನಾವ್ ಏನೂ ಕಳ್ಕಳ್ನಿಲ್ಲ ಅನ್ನು," ಎಂದು ಅಜ್ಜಿ ನಕ್ಕರು.

ರುದ್ರಾಣಿ ಗೇಟಿನ ಕಂಬಿ ಹಿಡಿದುಕೊಂಡು ನಿಂತಳು. ಎದುರಿಗೆ ಹೊಸ ಹಳದಿ ಬಣ್ಣ ಬಳಿದ ಆ ದರಿದ್ರ ಕಟ್ಟಡ. ಇದರ ಬಗ್ಗೆ ಆಡಿದ ಮಾತನ್ನು ತನ್ನ ಮುಖಕ್ಕೆ ಮೆತ್ತಿಕೊಂಡು, ಒಬ್ಬ ಮನುಷ್ಯನನ್ನು ಇಷ್ಟು ದಿನ ಹೀಯಾಳಿಸಿದ್ದಳು. ಅವಳಿಗೆ ಅವಳ ಮೇಲೆಯೇ ಹೇಸಿಗೆಯಾಯಿತು. ಆ ಹೇಸಿಗೆಯ ಹಿಂದೆಯೇ ಹೆದರಿಕೆ ಬಂತು.

'ವಾಪಸ್ ಹೋಗ್ತಾ ಅವರೇ ಬೇಡ ಅಂತ ಹೇಳ್ತಾರೆ. ನಾನೇ ಅಲ್ವಾ, ದೊಡ್ಡ ಉಪಕಾರ ಅಂದಿದ್ದು...'

ಬೇರೆ ಕಡೆ ಸುತ್ತಲು ಯಾರಿಗೂ ಮನಸ್ಸಿಲ್ಲದ ಕಾರಣ ಮಧ್ಯಾಹ್ನದ ರೈಲಿಗೇ ಎಲ್ಲರೂ ವಾಪಸ್ ಹೊರಟರು. ದಾರಿಯುದ್ದಕ್ಕೂ ರುದ್ರಾಣಿ ಬಾಯಿ ತೆರೆಯಲು ನೋಡಿದಳು, ಆಗಲಿಲ್ಲ. ತಪ್ಪಾಯಿತು ಎನ್ನುವುದು ಅವಳಿಗೆ ರೂಢಿಯಿರಲಿಲ್ಲ. ಮೈಸೂರು ದಾಟಿತು. ಹೊರಗೆ ಬಾಳೆ ತೋಟಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಚಿಕ್ಕಬಸಪ್ಪ ಗಂಟಲು ಸರಿಮಾಡಿಕೊಂಡರು.

"ಊರು ಬಂತು. ಏನೋ ನಿಮ್ ನಿಮ್ ಮನ್ಸಲ್ಲಿರೋದ ಯೋಳ್ಬುಟ್ರೆ..."

"ನಾನ್ ಹೇಳ್ತೀನಿ," ಎಂದು ಅಮೃತೇಶ್ ಎದ್ದು ನಿಂತ. ಅವನ ತಾಯಿ ಆಸೆಯಿಂದ ಮಗನ ಮುಖ ನೋಡಿದರು. "ಅಂಕಲ್, ತಪ್ಪು ತಿಳ್ಕೋಬೇಡಿ. ನನಗೆ..."

"ಬೇಡ," ಎಂದಳು ರುದ್ರಾಣಿ.

ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು.

"ಅವರು ಏನೂ ಹೇಳೋದು ಬೇಡ ಅಪ್ಪ. ಅವರು ಹೇಳೋದನ್ನ ನಾನು ಸರಿಯಾಗಿ ಕೇಳಿಸ್ಕೊಳ್ಳೋದಿಲ್ಲ." ಅವನ ಕಡೆ ತಿರುಗಿದಳು. "ಸ್ವಲ್ಪ ಬಾಗಿಲ ಹತ್ರ ಬರ್ತೀರಾ... ದಯವಿಟ್ಟು."

ಬಾಗಿಲ ಬಳಿ ಗಾಳಿ ರಪರಪ ಬೀಸುತ್ತಿತ್ತು. ಅವಳು ಎಲ್ಲವನ್ನೂ ಹೇಳಿದಳು. ಕಾಫಿ ಲೋಟ, ಜಗಲಿ, ಪೇಂಟು, ಅರ್ಧ ಗಂಟೆ. ಅವನು ಕೇಳುತ್ತಾ ಕೇಳುತ್ತಾ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಒಂದ್ಸಲ ಕೇಳಬಹುದಿತ್ತು," ಎಂದ.

"ಹೂಂ."

"ಒಬ್ಬ ಹೆಣ್ಣುಮಗಳ ಮನೇಲಿ ನಿಂತ್ಕೊಂಡು, ಅವರಿಟ್ಟ ಉಪ್ಪಿಟ್ಟು ತಿಂದು, ಅವರ ಬಗ್ಗೇನೇ ಹಾಗೆ ಮಾತಾಡೋ ಅಷ್ಟು ಕೀಳು ಮನುಷ್ಯನ ಥರ ಕಂಡ್ನಾ ನಾನು?"

"ನೀವು ಹಾಗೆ ಕಾಣಲಿಲ್ಲ. ನಾನು ಹಾಗೆ ಕಂಡೆ... ನನಗೇ. ಬಂದೋರೆಲ್ಲ ಒಂದೊಂದು ಹೇಳಿ ಹೋಗಿದ್ರು. ನೋಡೋಕೆ ಅಂಥಾದ್ದೇನಿಲ್ಲ ಅಂದಾಗ, ಅದು ಬೇರೆ ಯಾವುದರ ಬಗ್ಗೆಯೋ ಇರಬಹುದು ಅಂತ ನನಗೆ ಹೊಳೀಲೇ ಇಲ್ಲ. ನನ್ನನ್ನೇ ಅಂತ ತಕ್ಷಣ ನಂಬಿಬಿಟ್ಟೆ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಇಷ್ಟು ದಿನ ಹೊತ್ತು ತಿರುಗಿದ ತಿರಸ್ಕಾರದ ಅಡಿಯಲ್ಲಿ ಇದ್ದದ್ದು ಇದೊಂದೇ ನೋವು. ಅದನ್ನು ಅವಳು ಅಜ್ಜಿಗೂ ಹೇಳಿರಲಿಲ್ಲ.

ಅಮೃತೇಶ್ ಅವಳ ಕಡೆ ತಿರುಗಿದ. ಮಾತಾಡಿದಾಗ ದನಿ ಇಳಿದಿತ್ತು.

"ಅವತ್ತು ಫೋನ್ ಇಟ್ಟು ತಿರುಗ್ದಾಗ ನೀವು ಬಾಗಿಲಲ್ಲಿ ನಿಂತಿದ್ರಿ. ಮೂಗು ಕೆಂಪಗೆ ಮಾಡ್ಕೊಂಡು. ಬೇಗ ಕುಡೀರಿ ಅಂತ ಲೋಟ ಕುಕ್ಕಿದ್ರಲ್ಲ... ಬಸ್ಸಲ್ಲಿ ನರಸೀಪುರದವರೆಗೂ ಅದನ್ನೇ ನೆನೆಸ್ಕೊಂಡು ನಗ್ತಿದ್ದೆ. ಮನೆಗೆ ಹೋಗಿ ಅಮ್ಮಂಗೆ ಹೇಳ್ದೆ, ಈ ಹುಡುಗೀನೇ ಅಂತ."

"ಆಮೇಲೆ ನಾನು ಗ್ರೂಪಲ್ಲಿ ಅಷ್ಟೆಲ್ಲ ಅಂದೆ."

"ಅಂದ್ರಿ. ಕೋಪ ಬರ್ತಿತ್ತು. ಆದ್ರೂ ಮೆಸೇಜ್ ಬಂತಾ ಅಂತ ಅಂಗಡೀಲಿ ಕೂತು ಫೋನೇ ನೋಡ್ತಿದ್ದೆ. ಈ ಪಾಸು, ಆ ಪಾಸು ಅಂತ ನಾನು ಎಳೆದಿದ್ದು ಅಮ್ಮನಿಗೋಸ್ಕರ ಮಾತ್ರ ಅಲ್ಲ, ಅದಕ್ಕೂ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಎಷ್ಟೋ ದಿನಗಳಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದು, ಆ ಜಾಗದಲ್ಲಿ ಅವನ ಮೇಲಿನ ಪ್ರೀತಿ ನಾಚಿಕೆಯಿಲ್ಲದೆ ಬಂದು ಕೂತಿತ್ತು.

"ನಿಮ್ಮಮ್ಮನ ಹತ್ರ ನಾನೇ ಕ್ಷಮೆ ಕೇಳ್ತೀನಿ," ಎಂದಳು. "ಇನ್ಮೇಲೆ ಮೆಟ್ಟಿಲಲ್ಲಿ ಅವರ ಇನ್ನೊಂದು ಕೈ ನಾನು ಹಿಡ್ಕೋತೀನಿ."

"ಮತ್ತೆ, ನಾನೀಗ ಒಳಗೆ ಹೋಗಿ ಏನು ಹೇಳ್ಲಿ? ಅರ್ಧ ಮಾತಲ್ಲೇ ನಿಲ್ಲಿಸ್ಬಿಟ್ರಿ."

"ನೀವು ಹೇಳಬೇಡಿ. ನಾನು ಹೂಂ ಅಂತೀನಿ."

ರೈಲು ಕಪಿಲೆಯ ಸೇತುವೆ ಹತ್ತಿತು. ಆಚೆ ದಡದಲ್ಲಿ ಶಿವನ ದೇವಸ್ಥಾನದ ಗೋಪುರ ಕಂಡಿತು. ಒಳಗಿನಿಂದ ಅಜ್ಜಿ ಕೂಗುತ್ತಿದ್ದರು. "ಏನ್ ಕೂಸೆ, ಊರ್ ಬಂತು ಕಣವ್ವ. ಊ ನಾ, ಊಹೂ ನಾ?"

"ಹೂಂ ಅಜ್ಜಿ," ಎಂದಳು ರುದ್ರಾಣಿ, ಗಾಳಿಯ ಸದ್ದನ್ನೂ ಮೀರಿ ಕೇಳುವಂತೆ.

ಅಮೃತೇಶ್ ಅವಳ ಕೈ ಹಿಡಿದುಕೊಂಡ.

"ಮುಂದಿನ ವಾರ ನಿಮ್ಮನ್ನ ನೋಡೋಕೆ ಬರಬೇಕು," ಎಂದ ಅವನು. "ಈ ಸಲ ಅರ್ಧ ಗಂಟೆ ಸಾಲಲ್ಲ. ಮೊದಲೇ ಕೇಳ್ಕೋತೀನಿ, ನಿಮ್ಮನೆ ಬಾಗಿಲಿಗೆ ರಜಾ ಯಾವತ್ತು? ಅಂಗಡಿಗೆ ಬೀಗ ಹಾಕಿ ಬರೋಕೆ ನನಗೆ ಸೋಮವಾರನೇ ಅನುಕೂಲ."

"ಸೋಮವಾರನೇ ಬನ್ನಿ," ಎಂದಳು ರುದ್ರಾಣಿ. "ನಮ್ಮೂರಲ್ಲಿ ಸೋಮವಾರ ಬಾಗಿಲು ಹಾಕಲ್ಲ ಕಣ್ರೀ."